ಗಿಟ್ಟಾ, ಎಸ್‌ವಿಎನ್ನಾ, ಇನ್ನೊಂದಾ? ನಮ್ಮೂರಿನ ಸಣ್ಣ ತಂಡಗಳಿಗೆ ವರ್ಷನ್ ಕಂಟ್ರೋಲ್ ಆಯ್ಕೆ

ಎರಡು ತಿಂಗಳಲ್ಲಿ ಮೂರು ತಂಡದವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವರು ಇಲ್ಲೇ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮಹಡಿ ಮೇಲೊಂದು ರೂಮು ಹಿಡಿದಿರುವ ನಾಲ್ಕು ಜನ. ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಾರೆ. ಎರಡನೆಯವರು ಚನ್ನಗಿರಿ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವವರು. ಮೂರನೆಯವರು ಚಿತ್ರದುರ್ಗದ ಮೂವರು. ಏಳು ಸುತ್ತಿನ ಕೋಟೆಯನ್ನು ಮೊಬೈಲ್ ಗೇಮ್ ಒಳಗೆ ತರುತ್ತಿದ್ದಾರೆ. ಎಲ್ಲರ ಪ್ರಶ್ನೆ ಇಷ್ಟೇ: "ಕೋಡ್ ಇಡೋಕೆ ಯಾವುದನ್ನ ಹಿಡಿಯೋಣ?"

ಎಲ್ಲರೂ ಗಿಟ್ ಅಂತಾರೆ, ಸುಮ್ನೆ ಗಿಟ್ ಹಾಕ್ಕೊಳ್ಳಿ ಎಂದು ಹೇಳಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಮೂರು ತಂಡಗಳ ಕೆಲಸ ಬೇರೆ, ಕಷ್ಟ ಬೇರೆ. ಅವರ ಜೊತೆ ಕೂತು ಮಾತಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಇದೇ ಗೊಂದಲದಲ್ಲಿದ್ದರೆ ನಿಮ್ಮ ತಂಡ ಯಾರ ಹತ್ತಿರ ಬರುತ್ತದೆ ಎಂದು ನೋಡಿಕೊಳ್ಳಿ.

ಮಂಡಿಪೇಟೆಯ ಹಳೆಯ ಅಂಗಡಿಗಳಲ್ಲಿ ಕಿರ್ದಿ ಬರೆಯುವ ಗುಮಾಸ್ತರನ್ನು ನೋಡಿದ್ದೀರಾ? ತಪ್ಪು ಬಿದ್ದರೆ ಅವರು ಕೆರೆದು ಅಳಿಸುವುದಿಲ್ಲ. ಎದುರು ನಮೂದು ಹಾಕಿ ಸರಿ ಮಾಡುತ್ತಾರೆ. ಹತ್ತು ವರ್ಷ ಬಿಟ್ಟು ಪುಟ ತಿರುವಿದರೂ ಯಾವತ್ತು ಏನಾಯಿತು, ಯಾಕೆ ತಿದ್ದಿದರು ಅಂತ ಕಾಣುತ್ತದೆ. ವರ್ಷನ್ ಕಂಟ್ರೋಲ್ ಅಂದರೆ ಕೋಡಿಗೆ ಬರೆಯುವ ಕಿರ್ದಿ. ಪ್ರತಿ ಕಮಿಟ್ ಒಂದು ನಮೂದು. ಯಾರು, ಯಾವಾಗ, ಏನು, ಯಾಕೆ. ಕಿರ್ದಿ ಪುಸ್ತಕ ಒಂದೇ ಅಂಗಡಿಯಲ್ಲಿದ್ದು ಎಲ್ಲರೂ ಅಲ್ಲಿಗೇ ಬಂದು ಬರೆಯಬೇಕಾದರೆ ಅದು ಎಸ್‌ವಿಎನ್ ರೀತಿ. ಪ್ರತಿಯೊಬ್ಬರ ಹತ್ತಿರವೂ ಪೂರ್ತಿ ಪುಸ್ತಕದ ಪ್ರತಿ ಇದ್ದು, ಆಮೇಲೆ ತಾಳೆ ಹಾಕುವುದಾದರೆ ಅದು ಗಿಟ್ ರೀತಿ. ಮುಂದೆ ಹೇಳುವ ಲಾಭನಷ್ಟಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಇಷ್ಟೆಲ್ಲ ಯಾಕೆ ಬೇಕು ಅನ್ನುವವರಿಗೆ ಒಂದು ನಿಜವಾದ ಸಂದರ್ಭ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತು, ನೆನಪಿದೆ ಅಲ್ವಾ? ಅಲ್ಲಿಯವರೆಗೆ 1000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದರ ಮೇಲಿನದಕ್ಕೆ ಶೇ 12 ಇತ್ತು. ಅಂದಿನಿಂದ 2500 ರೂಪಾಯಿವರೆಗೆ ಶೇ 5, ಅದರ ಮೇಲೆ ಶೇ 18. ನಮ್ಮ ಬಿಲ್ಲಿಂಗ್ ತಂಡದವರು ಆ ಹೊತ್ತಿಗೆ ಹೊಸ ಸ್ಟಾಕ್ ರಿಪೋರ್ಟನ್ನು ಅರ್ಧ ಬರೆದಿದ್ದರು. ಆ ಅರ್ಧ ಕೆಲಸವನ್ನು ಪಕ್ಕಕ್ಕಿಟ್ಟು, ಅಂಗಡಿಗಳಲ್ಲಿ ಓಡುತ್ತಿದ್ದ ಹಳೆಯ ಆವೃತ್ತಿಯಲ್ಲಿ ದರವನ್ನಷ್ಟೇ ತಿದ್ದಿ ರಾತ್ರೋರಾತ್ರಿ ಕಳಿಸಬೇಕಿತ್ತು. ಅವರ ಹತ್ತಿರ ಇದ್ದದ್ದು 'ಬಿಲ್ಲಿಂಗ್_ಫೈನಲ್', 'ಬಿಲ್ಲಿಂಗ್_ಫೈನಲ್_2', 'ಬಿಲ್ಲಿಂಗ್_ಹೊಸದು_ಇದೇ' ಅನ್ನುವ ಫೋಲ್ಡರ್‌ಗಳು. ಅಂಗಡಿಗಳಲ್ಲಿ ಓಡುತ್ತಿರುವುದು ಇವುಗಳಲ್ಲಿ ಯಾವುದು ಅಂತ ಪತ್ತೆ ಹಚ್ಚಲು ಮಧ್ಯರಾತ್ರಿಯಾಯಿತು. ಬ್ರಾಂಚ್, ಅಂದರೆ ಅದೇ ಕೋಡಿನಿಂದ ಬೇರೆಯಾಗಿ ತೆಗೆದ ಕವಲು, ಇದ್ದಿದ್ದರೆ ಹತ್ತು ನಿಮಿಷದ ಕೆಲಸ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ: ನೀವು ಇಡುವುದು ಏನನ್ನು? ಕೋಡ್ ಅಂದರೆ ಅಕ್ಷರ. ಎರಡು ಆವೃತ್ತಿಗಳನ್ನು ಸಾಲು ಸಾಲಾಗಿ ಹೋಲಿಸಬಹುದು, ಬೆರೆಸಬಹುದು. ಚಿತ್ರ, ವಿಡಿಯೋ, ತ್ರೀಡಿ ಮಾದರಿ, ಫೋಟೋಶಾಪ್ ಫೈಲ್‌ಗಳನ್ನು ಹಾಗೆ ಬೆರೆಸಲು ಆಗುವುದಿಲ್ಲ. ಇಬ್ಬರು ಒಟ್ಟಿಗೆ ತಿದ್ದಿದರೆ ಒಬ್ಬರ ಕೆಲಸ ಹೋಗಲೇಬೇಕು. ನಿಮ್ಮಲ್ಲಿ ಯಾವುದು ಜಾಸ್ತಿ ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿದೆ.

ಎರಡನೆಯದು ಕರೆಂಟು ಮತ್ತು ನೆಟ್‌ವರ್ಕ್. ಬೆಂಗಳೂರಿನಲ್ಲಿ ಕೂತು ಬರೆಯುವವರ ಹೋಲಿಕೆಗಳಲ್ಲಿ ಇದು ಬರುವುದೇ ಇಲ್ಲ. ಗ್ರಾಹಕರ ಅಂಗಡಿಯಲ್ಲಿ, ಮಂಡಿಯಲ್ಲಿ, ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡುವವರಿಗೆ ಇದು ದಿನದ ಮಾತು.

ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ರಾತ್ರಿ ಒಂಬತ್ತಕ್ಕೆ ಏನೋ ಎಡವಟ್ಟಾಯಿತು ಅನ್ನಿ. ಫೋನ್ ಮಾಡಿ ಕೇಳೋಕೆ ಯಾರಿದ್ದಾರೆ? ದೊಡ್ಡ ಕಂಪನಿಯಲ್ಲಿ ಇದಕ್ಕೇ ಒಬ್ಬರು ಇರುತ್ತಾರೆ. ನಾಲ್ಕು ಜನರ ತಂಡದಲ್ಲಿ ಇರುವುದಿಲ್ಲ. ಎಷ್ಟೇ ಒಳ್ಳೆಯ ಉಪಕರಣವಾದರೂ ಊರಲ್ಲಿ ಅದು ಗೊತ್ತಿರುವವರು ಒಬ್ಬರೂ ಇಲ್ಲದಿದ್ದರೆ ನಿಮಗೆ ಅದು ಕಷ್ಟ. ಹೊಸದಾಗಿ ಸೇರುವವರ ಮಾತೂ ಇದಕ್ಕೇ ಸೇರುತ್ತದೆ. ನಮ್ಮಲ್ಲಿ ಬಿಐಇಟಿ, ಯುಬಿಡಿಟಿ ಅಂತ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಂದ ಬರುವ ಹುಡುಗ ಹುಡುಗಿಯರು ಏನನ್ನು ಕಲಿತು ಬರುತ್ತಾರೆ, ನೀವು ಏನನ್ನು ಕಲಿಸಬೇಕಾಗುತ್ತದೆ ಎಂದು ಯೋಚಿಸಿ.

ಯಾರು ಯಾವ ಫೋಲ್ಡರ್ ನೋಡಬಹುದು ಅನ್ನುವ ಕಟ್ಟುಪಾಡು ಬೇಕೇ ಅನ್ನುವುದು ನಾಲ್ಕನೆಯದು. ಖರ್ಚು ಕೊನೆಯದು. ಖರ್ಚು ಅಂದರೆ ಲೈಸೆನ್ಸ್ ಹಣ ಮಾತ್ರ ಅಲ್ಲ. ಸರ್ವರ್ ನೋಡಿಕೊಳ್ಳುವವರ ಸಮಯವೂ ಹಣವೇ.

ಡ್ರೈವ್ ಫೋಲ್ಡರ್ ಸಾಲದೇ?

ಸಾಲದು. ಗೂಗಲ್ ಡ್ರೈವ್ ಹಳೆಯ ಪ್ರತಿಗಳನ್ನು ಇಡುತ್ತದೆ ನಿಜ. ಆದರೆ ಕೋಡ್ ಫೈಲ್‌ಗಳಂಥವಕ್ಕೆ ಮಾಮೂಲಾಗಿ 30 ದಿನ ಇಲ್ಲವೇ 100 ಪ್ರತಿ, ಅಷ್ಟೇ. ಯಾಕೆ ತಿದ್ದಿದರು ಅನ್ನುವುದು ಅಲ್ಲಿ ಸಿಗುವುದಿಲ್ಲ. ಹತ್ತು ಫೈಲ್‌ಗಳಲ್ಲಿ ಒಟ್ಟಿಗೆ ಮಾಡಿದ ಬದಲಾವಣೆಯನ್ನು ಒಂದೇ ಏಟಿಗೆ ಹಿಂದಕ್ಕೆ ತೆಗೆಯಲೂ ಆಗುವುದಿಲ್ಲ. ನಾನು ಮೊದಲು ಕೆಲಸಕ್ಕಿದ್ದ ಜಾಗದಲ್ಲಿ ಎಲ್ಲರೂ ಒಂದೇ ಹಂಚಿಕೊಂಡ ಫೋಲ್ಡರಿನಲ್ಲಿ ಬರೆಯುತ್ತಿದ್ದೆವು. ಒಂದು ಸಂಜೆ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ತೆರೆದಿಟ್ಟಿದ್ದ ಫೈಲನ್ನು ಸೇವ್ ಮಾಡಿದರು. ನನ್ನ ಎರಡು ದಿನದ ಕೆಲಸ ಹೋಯಿತು. ಅವರ ತಪ್ಪು ಏನೂ ಇರಲಿಲ್ಲ. ಆ ವ್ಯವಸ್ಥೆಯೇ ಹಾಗಿತ್ತು.

ಇನ್ನೊಂದು ಮಾತು. ಗಿಟ್ ರೆಪೊವನ್ನು, ಅಂದರೆ ಕೋಡೂ ಅದರ ಇತಿಹಾಸವೂ ಇರುವ ಫೋಲ್ಡರನ್ನು, ಡ್ರೈವ್ ತಾನಾಗಿ ಸಿಂಕ್ ಮಾಡುವ ಫೋಲ್ಡರಿನೊಳಗೆ ಇಡಬೇಡಿ. ಎರಡು ಲ್ಯಾಪ್‌ಟಾಪ್‌ಗಳಿಂದ ಒಟ್ಟಿಗೆ ಸಿಂಕ್ ಆದರೆ ರೆಪೊ ಒಳಗಿನ ಫೈಲ್‌ಗಳು ಕೆಡುತ್ತವೆ.

ಎಸ್‌ವಿಎನ್: ಒಂದೇ ಪುಸ್ತಕ, ಒಂದೇ ಅಂಗಡಿ

ಸಬ್‌ವರ್ಷನ್, ಅಂದರೆ ಎಸ್‌ವಿಎನ್, 2000ದಲ್ಲಿ ಕೊಲ್ಯಾಬ್‌ನೆಟ್ ಕಂಪನಿ ಶುರು ಮಾಡಿದ್ದು. ಅದಕ್ಕೂ ಹಿಂದಿನ ಸಿವಿಎಸ್‌ನ ಕೊರತೆ ತುಂಬಲು ಬಂತು. 2010ರಿಂದ ಅಪಾಚೆ ಯೋಜನೆಯಾಗಿದೆ. ಹಳೆಯದು ಅಂತ ಮೂಗು ಮುರಿಯುವವರಿದ್ದಾರೆ. ನಾನು ಅವರ ಜೊತೆ ಇಲ್ಲ.

ಎಸ್‌ವಿಎನ್ ಕಲಿಸುವುದು ತುಂಬ ಸುಲಭ. ಅಪ್‌ಡೇಟ್ ಮಾಡು, ಕೆಲಸ ಮಾಡು, ಕಮಿಟ್ ಹೊಡಿ. ಪ್ರತಿ ಕಮಿಟ್‌ಗೆ 1, 2, 3 ಅಂತ ಓಡುವ ನಂಬರು. ಗ್ರಾಹಕರಿಗೆ ಫೋನಿನಲ್ಲಿ "ನಿಮ್ಮಲ್ಲಿರೋದು 412, ಸರಿ ಮಾಡಿದ್ದು 415ರಲ್ಲಿ" ಎಂದು ಹೇಳಬಹುದು. ಗಿಟ್‌ನಲ್ಲಿ ಆ ಜಾಗದಲ್ಲಿ 40 ಅಕ್ಷರದ ಉದ್ದನೆಯ ಗುರುತು ಇರುತ್ತದೆ. ವಿಂಡೋಸ್‌ನಲ್ಲಿ ಟಾರ್ಟಾಯ್ಸ್ ಎಸ್‌ವಿಎನ್ ಹಾಕಿಕೊಂಡರೆ ಫೋಲ್ಡರ್ ಮೇಲೆ ಬಲಬದಿಯ ಕ್ಲಿಕ್ ಸಾಕು. ಕಮಾಂಡ್ ಬರೆಯದ ಡಿಸೈನರ್‌ಗಳು, ಲೆಕ್ಕಪತ್ರದವರು ಕೂಡ ಅರ್ಧ ದಿನದಲ್ಲಿ ಕಲಿಯುತ್ತಾರೆ.

ಅದರ ನಿಜವಾದ ಬಲ ಎರಡು ಕಡೆ ಇದೆ. ಒಂದು ಲಾಕ್. ಒಂದು ಚಿತ್ರದ ಫೈಲನ್ನು ನಾನು ಲಾಕ್ ಮಾಡಿದರೆ ನಾನು ಬಿಡುವವರೆಗೆ ಬೇರೆಯವರು ಕಮಿಟ್ ಮಾಡಲಾಗದು. ಲಾಕ್ ಮಾಡದೆ ಮುಟ್ಟಲೇಬಾರದು ಅಂತ ಫೈಲಿಗೆ ಗುರುತು ಹಾಕಿಡಲೂ ಬಹುದು. ಹಾಗೆ ಮಾಡಿದರೆ ಅದು ಓದಲು ಮಾತ್ರ ತೆರೆದುಕೊಳ್ಳುತ್ತದೆ. ಇನ್ನೊಂದು, ಫೋಲ್ಡರ್ ಮಟ್ಟದ ಅನುಮತಿ. ಒಂದೇ ರೆಪೊದಲ್ಲಿ ಸಂಬಳದ ಭಾಗವನ್ನು ಇಬ್ಬರಿಗೆ ಮಾತ್ರ ತೋರಿಸಬೇಕು ಅಂದರೆ ಎಸ್‌ವಿಎನ್‌ನಲ್ಲಿ ಆಗುತ್ತದೆ. ಗಿಟ್‌ನಲ್ಲಿ ರೆಪೊ ಸಿಕ್ಕವರಿಗೆ ಎಲ್ಲವೂ ಸಿಕ್ಕ ಹಾಗೆ. ಬೇಡ ಅಂದರೆ ಬೇರೆ ರೆಪೊವನ್ನೇ ಮಾಡಬೇಕು.

ಕಷ್ಟ ಎಲ್ಲಿ? ಸರ್ವರ್ ಇಲ್ಲದಿದ್ದರೆ ಕಮಿಟ್ ಇಲ್ಲ, ಹಳೆಯ ಲಾಗ್ ಇಲ್ಲ. ನೀವು ಕಡೆಯ ಬಾರಿ ತಂದದ್ದಕ್ಕೂ ಈಗಿನದಕ್ಕೂ ವ್ಯತ್ಯಾಸ ನೋಡಬಹುದು, ಅಷ್ಟೇ. ಸರ್ವರ್‌ನ ಡಿಸ್ಕ್ ಹೋದರೆ, ಬ್ಯಾಕಪ್ ಇಲ್ಲದಿದ್ದರೆ, ಇತಿಹಾಸ ಪೂರ್ತಿ ಹೋಯಿತು. ಹಾಗಾಗಿ ಎಸ್‌ವಿಎನ್ ಹಿಡಿಯುವವರು ಪ್ರತಿ ರಾತ್ರಿ ಹಾಟ್‌ಕಾಪಿ, ಅಂದರೆ ಇಡೀ ರೆಪೊದ ನಕಲು, ತೆಗೆದು ಬೇರೆ ಜಾಗದಲ್ಲಿ ಇಡಲೇಬೇಕು. ಬ್ರಾಂಚ್ ಮಾಡುವುದು ಕ್ಷಣದ ಕೆಲಸ, ಆದರೆ ಮರ್ಜ್, ಅಂದರೆ ಬ್ರಾಂಚನ್ನು ಮತ್ತೆ ಬೆರೆಸುವುದು, ನೋವು ಕೊಡುತ್ತದೆ. ಒಬ್ಬರು ಫೈಲಿನ ಹೆಸರು ಬದಲಿಸಿ, ಇನ್ನೊಬ್ಬರು ಅದೇ ಫೈಲನ್ನು ತಿದ್ದಿದ್ದರಂತೂ ಜಾಸ್ತಿ ನೋವು.

ಕರೆಂಟು ಹೋದ ವಿಷಯದಲ್ಲಿ ಎಸ್‌ವಿಎನ್ ಒಂದು ಉಪಕಾರ ಮಾಡುತ್ತದೆ. ಚೆಕ್‌ಔಟ್, ಅಂದರೆ ಸರ್ವರ್‌ನಿಂದ ಕೋಡ್ ಇಳಿಸಿಕೊಳ್ಳುವುದು, ಅರ್ಧಕ್ಕೆ ನಿಂತರೆ ಕ್ಲೀನಪ್ ಕೊಟ್ಟು ಮತ್ತೆ ಅಪ್‌ಡೇಟ್ ಮಾಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಗಿಟ್ ಕ್ಲೋನ್, ಅಂದರೆ ಪೂರ್ತಿ ರೆಪೊವನ್ನು ಇಳಿಸಿಕೊಳ್ಳುವುದು, ಹಾಗಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಗಿಟ್: ಎಲ್ಲರ ಕೈಯಲ್ಲೂ ಪೂರ್ತಿ ಪುಸ್ತಕ

2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆಯಲು ಶುರು ಮಾಡಿದರು. ಲಿನಕ್ಸ್ ಕರ್ನಲ್ ತಂಡ ಅಲ್ಲಿಯವರೆಗೆ ಬಿಟ್‌ಕೀಪರ್ ಎಂಬ ಖಾಸಗಿ ಉಪಕರಣವನ್ನು ಪುಕ್ಕಟೆಯಾಗಿ ಬಳಸುತ್ತಿತ್ತು. ಆ ಸೌಲಭ್ಯ ನಿಂತಿತು. ಜೂನ್ ಹೊತ್ತಿಗೆ ಕರ್ನಲ್‌ನ 2.6.12 ಆವೃತ್ತಿ ಗಿಟ್ ಬಳಸಿಯೇ ಹೊರಬಂತು. ಬೇರೆಯವರ ಕೃಪೆಯ ಮೇಲೆ ನಿಂತ ಉಪಕರಣ ಒಂದು ದಿನ ಕೈಕೊಡಬಹುದು ಅನ್ನುವ ಪಾಠ ಗಿಟ್ ಹುಟ್ಟಿನಲ್ಲೇ ಇದೆ.

ಇವತ್ತು ಗಿಟ್ ಎಷ್ಟು ಹರಡಿದೆ ಅಂದರೆ, 2022ರ ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಶೇ 93ಕ್ಕೂ ಹೆಚ್ಚು ಜನ ಅದನ್ನು ಬಳಸುತ್ತೇವೆ ಎಂದರು. ಎಸ್‌ವಿಎನ್ ಶೇ 5ರ ಆಸುಪಾಸು. ಎಲ್ಲರೂ ಬಳಸುತ್ತಾರೆ ಅನ್ನುವುದೊಂದೇ ಕಾರಣ ಆಗಬಾರದು. ಆದರೆ ರಾತ್ರಿ ಒಂಬತ್ತರ ಪ್ರಶ್ನೆಗೆ ಇದೇ ಉತ್ತರ. ಕಾಲೇಜಿನಿಂದ ಬಂದವರಿಗೆ ಗಿಟ್ ಪೂರ್ತಿ ಬರದಿದ್ದರೂ ಪುಶ್ (ಸರ್ವರ್‌ಗೆ ಕಳಿಸುವುದು), ಪುಲ್ (ಅಲ್ಲಿಂದ ತರುವುದು) ಅನ್ನುವ ಪದವಾದರೂ ಗೊತ್ತಿರುತ್ತದೆ. ವಿಎಸ್ ಕೋಡ್, ಆಂಡ್ರಾಯ್ಡ್ ಸ್ಟುಡಿಯೋ ಎರಡರಲ್ಲೂ ಅದಕ್ಕೆ ಬಟನ್ ಇದೆ. ಊರಲ್ಲಿ ನೆರವಿಗೆ ಯಾರಾದರೂ ಸಿಗುತ್ತಾರೆ.

ಗಿಟ್‌ನಲ್ಲಿ ನನಗೆ ಇಷ್ಟವಾದದ್ದು, ನೆಟ್ ಇಲ್ಲದೆಯೂ ಎಲ್ಲ ಕೆಲಸ ನಡೆಯುವುದು. ಮಂಡಿಯಲ್ಲಿ ಕೂತು ಮೂರು ಕಮಿಟ್ ಮಾಡಿ, ಹಳೆಯ ಲಾಗ್ ನೋಡಿ, ಬ್ರಾಂಚ್ ಬದಲಿಸಿ, ಸಂಜೆ ಮನೆಗೆ ಬಂದು ಪುಶ್ ಮಾಡಬಹುದು. ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಇತಿಹಾಸ ಇರುವುದರಿಂದ ಸರ್ವರ್ ಸುಟ್ಟರೂ ಕೋಡ್ ಉಳಿಯುತ್ತದೆ. ಬ್ರಾಂಚ್ ಮತ್ತು ಮರ್ಜ್ ಎಷ್ಟು ಹಗುರ ಅಂದರೆ, ಜಿಎಸ್‌ಟಿ ರಾತ್ರಿಯಂಥ ರಾತ್ರಿಗಳಲ್ಲಿ ಹಳೆಯ ಆವೃತ್ತಿಗೆ ಹಾಕಿಟ್ಟ ಗುರುತಿಗೆ, ಅಂದರೆ ಟ್ಯಾಗ್‌ಗೆ ಹೋಗಿ, ಬ್ರಾಂಚ್ ತೆಗೆದು, ದರ ತಿದ್ದಿ ಕಳಿಸಿ, ಅದೇ ತಿದ್ದುಪಡಿಯನ್ನು ಹೊಸ ಕೆಲಸಕ್ಕೂ ಸೇರಿಸಬಹುದು. ಯಾವ ಕಮಿಟ್‌ನಲ್ಲಿ ತಪ್ಪು ಹೊಕ್ಕಿತು ಅಂತ ಹುಡುಕಲು ಬೈಸೆಕ್ಟ್ ಇದೆ. ಅದು ಅರ್ಧರ್ಧ ಮಾಡಿ ಹುಡುಕುತ್ತದೆ, ಹಾಗಾಗಿ ಸಾವಿರ ಕಮಿಟ್ ಇದ್ದರೂ ಹತ್ತು ಪರೀಕ್ಷೆಯಲ್ಲಿ ಸಿಗುತ್ತದೆ.

ಗಿಟ್‌ನ ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಹೊಸಬರಿಗೆ ಅದು ಭಯ ಹುಟ್ಟಿಸುತ್ತದೆ. ಕೆಲಸದ ಫೋಲ್ಡರ್, ಸ್ಟೇಜಿಂಗ್ (ಮುಂದಿನ ಕಮಿಟ್‌ಗೆ ಆರಿಸಿಟ್ಟದ್ದು), ಲೋಕಲ್ ರೆಪೊ, ರಿಮೋಟ್ (ಸರ್ವರ್‌ನಲ್ಲಿರುವ ರೆಪೊ) ಅಂತ ನಾಲ್ಕು ಜಾಗ. ನನ್ನ ಕೋಡ್ ಈಗ ಎಲ್ಲಿದೆ ಅನ್ನುವುದೇ ಅರ್ಥವಾಗದೆ ಹುಡುಗರು ಕಂಗಾಲಾಗುವುದನ್ನು ನೋಡಿದ್ದೇನೆ. ಚೆಕ್‌ಔಟ್ ಅನ್ನುವ ಒಂದೇ ಕಮಾಂಡ್ ಬ್ರಾಂಚನ್ನೂ ಬದಲಿಸುತ್ತದೆ, ಫೈಲಿನ ತಿದ್ದುಪಡಿಯನ್ನೂ ಅಳಿಸುತ್ತದೆ. 2019ರ 2.23 ಆವೃತ್ತಿಯಿಂದ ಸ್ವಿಚ್ ಮತ್ತು ರಿಸ್ಟೋರ್ ಎಂಬ ಎರಡು ಬೇರೆ ಕಮಾಂಡ್‌ಗಳು ಬಂದಿವೆ. ಹೊಸಬರಿಗೆ ಅವನ್ನೇ ಕಲಿಸಿ. ರಿಫ್‌ಲಾಗ್ ಬಗ್ಗೆಯೂ ಮೊದಲ ವಾರದಲ್ಲೇ ಹೇಳಿಕೊಡಿ. ಒಮ್ಮೆ ಕಮಿಟ್ ಆದದ್ದು ಕಳೆದುಹೋದಂತೆ ಕಂಡರೂ ಸಾಮಾನ್ಯವಾಗಿ 30 ದಿನವಾದರೂ ಅಲ್ಲಿ ಸಿಗುತ್ತದೆ. ಇದು ಗೊತ್ತಿದ್ದವರಿಗೆ ಅರ್ಧ ಭಯ ಹೋಗುತ್ತದೆ.

ಈಗ ಕ್ಲೋನ್ ವಿಷಯ. ದೊಡ್ಡ ರೆಪೊವನ್ನು ಕ್ಲೋನ್ ಮಾಡುವಾಗ ನೆಟ್ ಕಡಿದರೆ ಮತ್ತೆ ಮೊದಲಿನಿಂದ. ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ. ಇದಕ್ಕೆ ಎರಡು ದಾರಿ ಇವೆ. ಡೆಪ್ತ್ 1 ಅಂತ ಕೊಟ್ಟು ಕಡೆಯ ಕಮಿಟ್ ಮಾತ್ರ ತಂದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಳೆಯದನ್ನು ತರಿಸಿಕೊಳ್ಳುವುದು ಒಂದು. ಇಲ್ಲವೇ ಬಂಡಲ್ ಮಾಡಿ ಪೂರ್ತಿ ರೆಪೊವನ್ನು ಒಂದೇ ಫೈಲಾಗಿ ಪೆನ್‌ಡ್ರೈವ್‌ಗೆ ಹಾಕಿ ಕೊಡುವುದು. ಚನ್ನಗಿರಿಯ ತಂಡಕ್ಕೆ ನಾನು ಎರಡನೆಯದನ್ನೇ ಮಾಡಿಕೊಟ್ಟೆ. ಅದರಿಂದ ಕ್ಲೋನ್ ಮಾಡಿ, ರಿಮೋಟ್ ವಿಳಾಸ ಬದಲಿಸಿದರು. ಮುಂದಿನ ಪುಲ್‌ಗಳೆಲ್ಲ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ನಡೆದವು.

ಕಮಿಟ್ ಆಗುವ ಹೊತ್ತಿಗೇ ಕರೆಂಟು ಹೋಗಿ ಡೆಸ್ಕ್‌ಟಾಪ್ ಆರಿದರೆ ಕೆಲವೊಮ್ಮೆ 'ಆಬ್ಜೆಕ್ಟ್ ಫೈಲ್ ಖಾಲಿ ಇದೆ' ಎಂಬ ದೂರು ಬರುತ್ತದೆ. ಹೆದರಬೇಡಿ. ಫೋಲ್ಡರನ್ನು ಮೊದಲು ಬೇರೆಡೆ ನಕಲು ಮಾಡಿ, ಆ ಖಾಲಿ ಫೈಲ್ ತೆಗೆದು, ರಿಮೋಟ್‌ನಿಂದ ಫೆಚ್ ಮಾಡಿದರೆ, ಅಂದರೆ ತರಿಸಿಕೊಂಡರೆ, ಆಗಲೇ ಪುಶ್ ಆಗಿದ್ದ ಕೆಲಸ ಹೆಚ್ಚಿನ ಸಲ ವಾಪಸ್ ಸಿಗುತ್ತದೆ. ಅದಕ್ಕೇ ದಿನಕ್ಕೆ ನಾಲ್ಕೈದು ಸಲ ಪುಶ್ ಮಾಡಿ ಅನ್ನುವುದು. ಒಂದು ಯುಪಿಎಸ್ ಕೊಳ್ಳುವುದು ಇನ್ನೂ ಒಳ್ಳೆಯದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬೇರೆಡೆ ಸಿಗದ ಎರಡು ಮಾತು. ಫೈಲ್ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸ್ಟೇಟಸ್‌ನಲ್ಲಿ ಅದು \340\262 ಅಂತ ಅಂಕಿಗಳಾಗಿ ಕಾಣುತ್ತದೆ. ಕೋರ್ ಡಾಟ್ ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕಮಿಟ್ ಸಂದೇಶವನ್ನೂ ಕನ್ನಡದಲ್ಲಿ ಬರೆಯಬಹುದು. ನಮ್ಮ ತಂಡ ಬರೆಯುತ್ತದೆ, ಒಮ್ಮೆಯೂ ತೊಂದರೆ ಆಗಿಲ್ಲ. ಇನ್ನೊಂದು, ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ರಸೀದಿ ಪಠ್ಯ ನಿಮ್ಮ ಕೋಡ್‌ನಲ್ಲಿದ್ದರೆ, ಯಾವ ವರ್ಷನ್ ಕಂಟ್ರೋಲ್ ಆದರೂ ವ್ಯತ್ಯಾಸವನ್ನು ಓದಲಾಗದ ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ. ಆ ಬದಲಾವಣೆಯನ್ನೇ ಒಂದು ಬೇರೆ ಕಮಿಟ್ ಮಾಡಿ.

ಉಳಿದ ಮೂರು

ಮರ್ಕ್ಯುರಿಯಲ್ ಗಿಟ್‌ನ ಜೊತೆಯಲ್ಲೇ, ಅದೇ 2005ರ ಏಪ್ರಿಲ್‌ನಲ್ಲಿ ಹುಟ್ಟಿದ್ದು. ಕಮಾಂಡ್‌ಗಳು ಗಿಟ್‌ಗಿಂತ ಅಚ್ಚುಕಟ್ಟು. ಕಲಿಯುವವರಿಗೆ ಕರುಣೆ ತೋರುತ್ತದೆ. ನನಗೆ ಅದರ ಮೇಲೆ ಪ್ರೀತಿ ಇದೆ. ಆದರೂ ಹೊಸ ತಂಡಕ್ಕೆ ಹೇಳಲಾರೆ. ಆನ್‌ಲೈನ್‌ನಲ್ಲಿ ಕೋಡ್ ಇಡಲು ಜಾಗ ಕೊಡುವ ಬಿಟ್‌ಬಕೆಟ್ 2020ರಲ್ಲಿ ಅದಕ್ಕೆ ಕೊಡುತ್ತಿದ್ದ ಜಾಗ ನಿಲ್ಲಿಸಿತು. ಪೈಥಾನ್ ಭಾಷೆಯ ಕೋಡ್ 2017ರಲ್ಲೇ ಗಿಟ್‌ಗೆ ಹೋಯಿತು. ಬಹಳ ಕಾಲ ಮರ್ಕ್ಯುರಿಯಲ್ ಜೊತೆ ನಿಂತಿದ್ದ ಫೈರ್‌ಫಾಕ್ಸ್ ಕೂಡ 2025ರಲ್ಲಿ ಗಿಟ್‌ಗೆ ಬಂತು. ಮುಂದೆ ನೆರವು ಸಿಗುವುದು ಇನ್ನೂ ಕಷ್ಟ.

ಫಾಸಿಲ್ ಬಗ್ಗೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಎಸ್‌ಕ್ಯೂಲೈಟ್ ಡೇಟಾಬೇಸ್ ಮಾಡಿದ ರಿಚರ್ಡ್ ಹಿಪ್ ಅವರದ್ದು. ಒಂದೇ ಪ್ರೋಗ್ರಾಂ ಫೈಲ್. ಅದರಲ್ಲೇ ವರ್ಷನ್ ಕಂಟ್ರೋಲ್, ದೂರು ಪಟ್ಟಿ, ವಿಕಿ, ವೆಬ್ ಪುಟ ಎಲ್ಲ ಇದೆ. ರೆಪೊ ಕೂಡ ಒಂದೇ ಡೇಟಾಬೇಸ್ ಫೈಲ್. ಅದನ್ನು ನಕಲು ಮಾಡಿದರೆ ಬ್ಯಾಕಪ್ ಆಯಿತು. ಬರೆದ ಇತಿಹಾಸವನ್ನು ತಿರುಚಲು ಅದು ಬಿಡುವುದಿಲ್ಲ, ಕಿರ್ದಿ ಗುಮಾಸ್ತರ ಹಾಗೆ. ಇಬ್ಬರು ಮೂವರು ಬಹುಕಾಲ ಒಟ್ಟಿಗೆ ಇರುವ, ಹೊರಗಿನವರನ್ನು ಸೇರಿಸಿಕೊಳ್ಳದ ತಂಡಕ್ಕೆ ಇದು ನೆಮ್ಮದಿ. ಹೊಸಬರು ಬಂದು ಹೋಗುವ ತಂಡಕ್ಕೆ ಬೇಡ. ಪ್ರತಿಯೊಬ್ಬರಿಗೂ ಮೊದಲಿನಿಂದ ಕಲಿಸಬೇಕು.

ಪರ್ಫೋರ್ಸ್ ದೊಡ್ಡ ಗೇಮ್ ಸ್ಟುಡಿಯೋಗಳ ಆಯ್ಕೆ. ಜಿಬಿಗಟ್ಟಲೆ ಇರುವ ಫೈಲ್‌ಗಳನ್ನು ಸಲೀಸಾಗಿ ನುಂಗುತ್ತದೆ. ಲಾಕ್ ವ್ಯವಸ್ಥೆ ಗಟ್ಟಿ. ಐದು ಜನರವರೆಗೆ ಹಣ ಇಲ್ಲ. ಆರನೆಯವರು ಬಂದ ದಿನ ಎಲ್ಲರಿಗೂ ಲೈಸೆನ್ಸ್ ಬೇಕು, ಅದು ಸಣ್ಣ ಮೊತ್ತ ಅಲ್ಲ. ಸರ್ವರ್ ಅನ್ನೂ ನೀವೇ ನೋಡಿಕೊಳ್ಳಬೇಕು.

ಗಿಟ್ ಅಂದುಕೊಂಡರೆ, ಎಲ್ಲಿ ಇಡುವುದು?

ಗಿಟ್ ಬೇರೆ, ಗಿಟ್‌ಹಬ್ ಬೇರೆ. ಕಿರ್ದಿ ಬೇರೆ, ಕಿರ್ದಿ ಇಡುವ ಗೋದ್ರೇಜ್ ಬೀರು ಬೇರೆ. ಬಹಳ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಗಿಟ್‌ಹಬ್ 2020ರ ಏಪ್ರಿಲ್‌ನಿಂದ ಖಾಸಗಿ ರೆಪೊಗಳನ್ನು ಎಷ್ಟು ಜನರ ತಂಡಕ್ಕಾದರೂ ಪುಕ್ಕಟೆ ಕೊಡುತ್ತಿದೆ. ಆದರೆ ಖಾಸಗಿ ರೆಪೊದಲ್ಲಿ ಮುಖ್ಯ ಬ್ರಾಂಚ್‌ಗೆ ಯಾರೂ ನೇರ ಪುಶ್ ಮಾಡದ ಹಾಗೆ ಬೀಗ ಹಾಕಬೇಕೆಂದರೆ ಹಣ ಕೊಡಬೇಕು. ಒಂದೊಂದು ಫೈಲ್ 100 ಎಂ.ಬಿ. ದಾಟಿದರೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ಫೈಲ್‌ಗೆ ಎಲ್‌ಎಫ್‌ಎಸ್ ಬೇಕು. ಅದು ರೆಪೊದಲ್ಲಿ ಒಂದು ಚೀಟಿ ಮಾತ್ರ ಇಟ್ಟು ನಿಜವಾದ ಫೈಲನ್ನು ಬೇರೆಡೆ ಇಡುತ್ತದೆ. ಬಿಟ್‌ಬಕೆಟ್ ಪುಕ್ಕಟೆ ಕೊಡುವುದು ಐದು ಜನರವರೆಗೆ. ಗಿಟ್‌ಲ್ಯಾಬ್‌ನ ಆನ್‌ಲೈನ್ ಸೇವೆಯಲ್ಲೂ ಖಾಸಗಿ ಗುಂಪಿಗೆ ಐದು ಜನರ ಮಿತಿ.

ಕೋಡ್ ಹೊರಗೆ ಹೋಗಬಾರದು ಎಂದು ಗ್ರಾಹಕರು ಕರಾರು ಮಾಡಿದ್ದರೆ ನಿಮ್ಮದೇ ಮಷೀನಿನಲ್ಲಿ ಗಿಟೀ ಹಾಕಿಕೊಳ್ಳಿ, ಅದು ಗಿಟ್‌ಹಬ್‌ನಂಥದ್ದೇ ಸಾಫ್ಟ್‌ವೇರ್. ಅದು ಎಷ್ಟು ಹಗುರ ಅಂದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೂ ಓಡುತ್ತದೆ. ಗಿಟ್‌ಲ್ಯಾಬನ್ನೂ ಸ್ವಂತ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಒಳ್ಳೆಯ ಸರ್ವರ್ ಬೇಕು. ಬ್ಯಾಕಪ್, ಅಪ್‌ಡೇಟ್, ಯುಪಿಎಸ್ ಎಲ್ಲ ನಿಮ್ಮ ತಲೆಗೇ. ಇದನ್ನು ನೋಡಿಕೊಳ್ಳುವವರು ಯಾರು ಅಂತ ಹೆಸರು ಬರೆಯಲು ಆಗದಿದ್ದರೆ ಸ್ವಂತ ಸರ್ವರ್ ಬೇಡ.

ಜಾಗ ಯಾವುದೇ ಇರಲಿ, ಖಾತೆ ಸಂಸ್ಥೆಯ ಇಮೇಲ್‌ನಲ್ಲಿ ಇರಲಿ. ನಾನು ಕೆಲಸಕ್ಕಿದ್ದ ಇನ್ನೊಂದು ಜಾಗದಲ್ಲಿ ರೆಪೊ ಒಬ್ಬ ಉದ್ಯೋಗಿಯ ಸ್ವಂತ ಖಾತೆಯಲ್ಲಿತ್ತು. ಅವರು ಕೆಲಸ ಬಿಟ್ಟ ಮೇಲೆ ಫೋನ್ ತೆಗೆಯಲಿಲ್ಲ. ಮೂರು ವಾರ ನಾವು ಹಳೆಯ ಲ್ಯಾಪ್‌ಟಾಪ್‌ನ ಪ್ರತಿಯ ಮೇಲೆ ಬದುಕಿದೆವು. ಕನಿಷ್ಠ ಇಬ್ಬರು ಮಾಲೀಕರನ್ನು ಇಡಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲನ್ನು ಮೊದಲ ದಿನವೇ ಇಗ್ನೋರ್ ಪಟ್ಟಿಗೆ, ಅಂದರೆ ಗಿಟ್ ಮುಟ್ಟಬಾರದ ಫೈಲ್‌ಗಳ ಪಟ್ಟಿಗೆ, ಸೇರಿಸಿ. ಒಮ್ಮೆ ಪುಶ್ ಆಗಿದ್ದರೆ ಅಳಿಸಿದರೆ ಸಾಲದು, ಅದು ಇತಿಹಾಸದಲ್ಲಿ ಇದ್ದೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ.

ಮೂರು ತಂಡಗಳು ಏನು ಮಾಡಿದವು

ಬಿಲ್ಲಿಂಗ್ ತಂಡಕ್ಕೆ ಹೆಚ್ಚು ಯೋಚನೆ ಬೇಕಿರಲಿಲ್ಲ. ಎಲ್ಲ ಕೋಡ್, ನಾಲ್ಕು ಜನ, ವರ್ಷಕ್ಕೊಬ್ಬ ಹೊಸಬರು, ಹಳೆಯ ಆವೃತ್ತಿಗಳನ್ನೂ ಸಲಹಬೇಕು. ಗಿಟ್, ಗಿಟ್‌ಹಬ್‌ನ ಪುಕ್ಕಟೆ ಯೋಜನೆ. ಬೀಗಕ್ಕೆ ಹಣ ಕೊಡುವ ಬದಲು ಮುಖ್ಯ ಬ್ರಾಂಚ್‌ಗೆ ಒಬ್ಬರೇ ಮರ್ಜ್ ಮಾಡುವುದು ಅಂತ ಮಾತಿನಲ್ಲೇ ಒಪ್ಪಿಕೊಂಡರು.

ಅಡಿಕೆ ಮಂಡಿಯವರದು ಸ್ವಲ್ಪ ಜಟಿಲ. ಏಳು ಜನ. ಅವರ ಹತ್ತಿರ ಆರು ವರ್ಷದ ಎಸ್‌ವಿಎನ್ ಇತ್ತು, ಚೆನ್ನಾಗಿಯೇ ಓಡುತ್ತಿತ್ತು. ಎಲ್ಲರೂ ಹೇಳುತ್ತಾರೆ ಅಂತ ಬದಲಿಸಬೇಡಿ ಎಂದೇ ಮೊದಲು ಹೇಳಿದೆ. ಆದರೆ ಅವರಲ್ಲಿ ಮೂವರು ವಾರಕ್ಕೆ ನಾಲ್ಕು ದಿನ ಮಂಡಿಗಳಲ್ಲೇ ಕೂರುತ್ತಾರೆ. ನೆಟ್ ಸಿಗದೆ ಕಮಿಟ್ ಮಾಡದೆ, ವಾರದ ಕೆಲಸವನ್ನು ಶನಿವಾರ ಒಟ್ಟಿಗೆ ಹಾಕುತ್ತಿದ್ದರು. ಶನಿವಾರ ಪೂರ್ತಿ ಕಾನ್‌ಫ್ಲಿಕ್ಟ್, ಅಂದರೆ ಒಂದೇ ಜಾಗವನ್ನು ಇಬ್ಬರು ತಿದ್ದಿದ ಗೋಜಲು, ಬಿಡಿಸುವುದೇ ಆಗುತ್ತಿತ್ತು. ಆ ಒಂದು ಕಾರಣಕ್ಕೆ ಗಿಟ್ ಸರಿ ಅನಿಸಿತು. ಎಸ್‌ವಿಎನ್ ಇತಿಹಾಸವನ್ನು ಗಿಟ್-ಎಸ್‌ವಿಎನ್ ಎಂಬ ಉಪಕರಣದ ಮೂಲಕ ತಂದರು. ಯಾವ ಬಳಕೆದಾರ ಹೆಸರು ಯಾರದ್ದು ಅನ್ನುವ ಪಟ್ಟಿಯನ್ನು ಮೊದಲೇ ಮಾಡಿಟ್ಟಿದ್ದರಿಂದ ಹಳೆಯ ಕಮಿಟ್‌ಗಳ ಹೆಸರು ಕೆಡಲಿಲ್ಲ. ಹಳೆಯ ಸರ್ವರನ್ನು ಓದಲು ಮಾತ್ರ ಅಂತ ಇನ್ನೂ ಇಟ್ಟಿದ್ದಾರೆ.

ಚಿತ್ರದುರ್ಗದ ಗೇಮ್ ತಂಡದ ಹತ್ತಿರ ಕೋಡ್ ಕಡಿಮೆ, ಕಲ್ಲಿನ ಗೋಡೆಗಳ ಚಿತ್ರ ಜಾಸ್ತಿ. ಓಬವ್ವನ ಕಿಂಡಿಯ ತ್ರೀಡಿ ಮಾದರಿಯೊಂದೇ 300 ಎಂ.ಬಿ. ಮಾದರಿ ಮಾಡುವವರು ಒಬ್ಬರು, ಬಣ್ಣ ತುಂಬುವವರು ಇನ್ನೊಬ್ಬರು. ಇಬ್ಬರೂ ಕಮಾಂಡ್ ಬರೆಯುವುದಿಲ್ಲ. ಮೂವರೂ ಒಂದೇ ಮನೆಯಲ್ಲಿ ಕೂತು ಕೆಲಸ ಮಾಡುವುದರಿಂದ ಸರ್ವರ್ ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಇರಬಹುದು. ಅವರಿಗೆ ನಾನು ಎರಡು ದಾರಿ ಕೊಟ್ಟೆ. ಎಸ್‌ವಿಎನ್ ಮತ್ತು ಟಾರ್ಟಾಯ್ಸ್, ಇಲ್ಲವೇ ಗಿಟ್ ಮತ್ತು ಎಲ್‌ಎಫ್‌ಎಸ್. ಎಲ್‌ಎಫ್‌ಎಸ್‌ನಲ್ಲೂ ಲಾಕ್ ಇದೆ. ಪರ್ಫೋರ್ಸ್ ಕೂಡ ಹೊಂದುತ್ತಿತ್ತು, ಆದರೆ ಆರನೆಯವರ ಚಿಂತೆ ಅವರಿಗೆ ಬೇಡವಾಗಿತ್ತು.

ತೀರ್ಮಾನಕ್ಕೆ ಮೊದಲು ಒಂದು ಭಾನುವಾರ ಎರಡನ್ನೂ ಪರೀಕ್ಷೆ ಮಾಡಿದರು. ನೀವೂ ಇದನ್ನು ಮಾಡಿ ನೋಡಿ. ಒಂದೇ ಫೈಲನ್ನು ಇಬ್ಬರು ಬೇಕಂತಲೇ ತಿದ್ದಿದರು. ಒಂದು ಲ್ಯಾಪ್‌ಟಾಪ್‌ನ ಫೋಲ್ಡರನ್ನು ಪೂರ್ತಿ ಅಳಿಸಿದರು. ಹಿಂದಿನ ವಾರದ ಗೋಡೆ ಚಿತ್ರವನ್ನು ವಾಪಸ್ ತರುವ ಕೆಲಸವನ್ನು ಬಣ್ಣ ತುಂಬುವ ಹುಡುಗಿಗೆ ಕೊಟ್ಟರು. ಯಾರೂ ಹೇಳಿಕೊಡುವಂತಿಲ್ಲ. ಗಿಟ್‌ನಲ್ಲಿ ಅವಳು ಮುಕ್ಕಾಲು ಗಂಟೆ ಒದ್ದಾಡಿ ಫೋನ್ ಎತ್ತಿಕೊಂಡಳು. ಟಾರ್ಟಾಯ್ಸ್‌ನಲ್ಲಿ ಲಾಗ್ ತೆರೆದು, ಹಳೆಯ ನಂಬರಿನ ಮೇಲೆ ಕ್ಲಿಕ್ ಮಾಡಿ, ಐದು ನಿಮಿಷದಲ್ಲಿ ಗೋಡೆಯನ್ನು ಪರದೆಯ ಮೇಲೆ ತಂದಳು. ಅವರು ಎಸ್‌ವಿಎನ್ ಹಿಡಿದರು. ಪ್ರತಿ ರಾತ್ರಿ ಹನ್ನೊಂದಕ್ಕೆ ಹಾಟ್‌ಕಾಪಿ ಒಂದು ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ. ಆ ಡಿಸ್ಕ್ ಬೆಳಿಗ್ಗೆ ಅವಳ ಬ್ಯಾಗಿನಲ್ಲಿ ಮನೆಗೆ ಹೋಗುತ್ತದೆ.